ಊರಿಗೆ ಬಿಟ್ಟ ಒಂದು ಎಕರೆ

ಮರಳವಾಡಿ ಪಕ್ಕದ ಆ ಹತ್ತು ಎಕರೆಗೆ ದುಡ್ಡು ಸುರಿದವನು ಅದೇ ಊರಿನ ದೇವರಾಜು. ಹಾಗಿದ್ದ ಮೇಲೆ ರಸ್ತೆ ಬದಿಯ ಒಂದು ಎಕರೆಯನ್ನು ಊರಿಗೆ ಯಾಕೆ ಬಿಡಬೇಕು?

ಇದೆಲ್ಲ ಊರಿನ ಮುದುಕಿ ಬೈರಮ್ಮನ ಕೆಲಸ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದ ಮೇಲೆ, ಮನೆ ಕಟ್ಟಬಾರದ ಹಸಿರು ಪಟ್ಟಿಯ ಆ ಹೊಲಗಳನ್ನು ಮನೆ ಸೈಟು ಮಾಡಲು ಅವನು ಅರ್ಜಿ ಹಾಕಿದ್ದ. ಅರ್ಜಿಯ ವಿಚಾರಣೆಗೆ ಸಾಹೇಬರು ಊರಿಗೆ ಬಂದ ದಿನ ಮುದುಕಿ ಎದ್ದು ನಿಂತಳು.

"ಕಾನೂನು ಇವ್ನಿಗೆ ಒಸಿ ಬಗ್ಗೋದಾದ್ರೆ, ಇವ್ನೂ ಊರಿಗೆ ಒಸಿ ಬಗ್ಲಿ ಸ್ವಾಮಿ. ನನ್ ಸೊಸೆ ಕನಕಪುರ ಮುಟ್ಟೋದ್ರೊಳ್ಗೆ ಟೆಂಪೋದಲ್ಲೇ ಹೋಗ್ಬುಟ್ಲು. ಒಂದು ಹೆರಿಗೆ ಆಸ್ಪತ್ರೆ ಕಟ್ಕೊಡ್ಲಿ."

ಸಾಹೇಬರು ಬರೆದೇಬಿಟ್ಟರು: ಹೊಲದ ನಡುವಿನ ಬಾಂದು ಕಲ್ಲಿನಿಂದ ಮೂಡಲಿಗೆ ಒಂದು ಎಕರೆ ಊರಿಗೆ, ಅದರಲ್ಲಿ ಆಸ್ಪತ್ರೆ ಎದ್ದರೆ ಮಾತ್ರ ಸೈಟು ಮಾರಬಹುದು.

ದೇವರಾಜು ನಗುನಗುತ್ತಾ ಸಹಿ ಹಾಕಿದ. ಆ ಒಂದು ಸಾಲಿನಲ್ಲೇ ಅವನಿಗೆ ದಾರಿ ಕಂಡಿತ್ತು. ಎಕರೆ ಎಲ್ಲಿದೆ ಎಂದು ಹೇಳುವುದು ಕಲ್ಲು ತಾನೇ? ಕಲ್ಲನ್ನು ಇನ್ನೂರು ಹೆಜ್ಜೆ ಪಡುವಲಿಗೆ, ರಸ್ತೆಯಿಂದ ದೂರಕ್ಕೆ ಸರಿಸಿದರೆ ಊರಿನ ಪಾಲಿಗೆ ಬರುವುದು ಬರೀ ಬಂಡೆ, ಕೊರಕಲು. ಅಲ್ಲಿ ದನದ ಕೊಟ್ಟಿಗೆಯೂ ನಿಲ್ಲದು. 'ಜಾಗ ಯೋಗ್ಯವಲ್ಲ' ಎಂದು ಸರ್ಕಾರವೇ ಆಸ್ಪತ್ರೆಯ ಮಾತು ಬಿಡುತ್ತದೆ, ಸೈಟಿಗೆ ಹಾಕಿದ ಷರತ್ತೂ ಬಿದ್ದುಹೋಗುತ್ತದೆ. ರಸ್ತೆ ಬದಿಗೆ ಪೆಟ್ರೋಲ್ ಬಂಕು. ಹಳೆಯ ನಕ್ಷೆಯಲ್ಲಿ ಕಲ್ಲು ಗುರುತಿಸಿದ್ದ ಭಾಗವನ್ನು ಗೆದ್ದಲು ತಿಂದಿದ್ದನ್ನು ಕಚೇರಿಗೆ ಹೋಗಿ ಕಣ್ಣಾರೆ ಕಂಡು ಬಂದಿದ್ದ. ಇನ್ನುಳಿದದ್ದು ಮುದುಕರ ಬಾಯಿಮಾತು. ಅದಕ್ಕೆ ಯಾವ ಸಾಹೇಬ ಮೊಹರು ಒತ್ತುತ್ತಾನೆ?

ದಿನವನ್ನೂ ಆರಿಸಿದ. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಂಕಿಗೆ ಬಿಡುವ ದಿನ ಊರೆಲ್ಲ ಮನೆಯೊಳಗೆ; ಒಂದು ನರಪಿಳ್ಳೆಯೂ ಹೊಲದ ಕಡೆ ಬರುವುದಿಲ್ಲ. ಹಾಡಹಗಲೇ ದೂರದೂರಿನ ಜೆಸಿಬಿ ಬಂತು. ಸರಪಳಿ ಬಿಗಿದು ಕಲ್ಲನ್ನು ಹಲ್ಲು ಕಿತ್ತಂತೆ ನೆಟ್ಟಗೆ ಎತ್ತಿಸಿದ. ಕಲ್ಲಿನ ಮೇಲಿನ ಕುಂಕುಮ ಅಳಿಯಲಿಲ್ಲ, ಪಾಚಿಯೂ ಕೆದರಲಿಲ್ಲ. ಹೊಸ ಜಾಗದಲ್ಲಿ ಮೊದಲಿನಷ್ಟೇ ಆಳಕ್ಕೆ, ಮೊದಲಿನ ಮುಖಕ್ಕೇ ನಿಲ್ಲಿಸಿ, ಸುತ್ತ ಗರಿಕೆ ತಂದು ನೆಡಿಸಿದ. ಹಳೆಯ ಗುಂಡಿ ಮುಚ್ಚಿ ಹುರುಳಿ ಚೆಲ್ಲಿಸಿದ. ಮೂರು ವಾರಕ್ಕೆ ಎಲ್ಲಾ ಹಸಿರು.

ಸರ್ವೆಯವರು ಬಂದು ಅಳತೆಯ ಸರಪಳಿ ಹಿಡಿದರು. ಒಂದು ಎಕರೆ ಬಂಡೆಯ ಮೇಲೆ ಹೋಗಿ ಕೂತಿತು.

"ಅಯ್ಯೋ, ನನ್ಗೂ ಬೇಜಾರೇ ಕಣವ್ವ," ಎಂದ ದೇವರಾಜು. "ಕಲ್ಲು ಹೇಳ್ದಂಗಲ್ವಾ ಕೇಳ್ಬೇಕು?"

"ಕಲ್ಲು ಹೇಳಿದ್ದಾಯ್ತು," ಎಂದಳು ಬೈರಮ್ಮ. "ಅದರ ಬುಡನೂ ಒಸಿ ಕೇಳಿ ಸ್ವಾಮಿ."

ಸರ್ವೆಯವನು ಆಳಿನ ಕೈಲಿ ಅಗೆಸಿದ. ಕಲ್ಲಿನಡಿ ಬರೀ ಕೆಮ್ಮಣ್ಣು. ಮುದುಕಿ ಇನ್ನೂರು ಹೆಜ್ಜೆ ನಡೆದು ಹುರುಳಿಯ ನಡುವೆ ಕಾಲೂರಿ ನಿಂತಳು. ಅಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುದ್ದಲಿಗೆ ಕಪ್ಪು ಹತ್ತಿತು: ಒಂದು ಮಂಕರಿ ಬುಟ್ಟಿ ತುಂಬುವಷ್ಟು ಇದ್ದಲು, ಜೊತೆಗೆ ಒಡೆದ ಮಡಕೆಯ ಚೂರು. "ಕಲ್ಲನ್ನ ಕಳ್ರು ಕಿತ್ಕೊಂಡೋಯ್ತಾರೆ ಅಂತಲೇ ನಮ್ಮೋರು ಅಡೀಲಿ ಇದ್ದಲು ಸುರ್ದು ನೆಡೋದು. ಇದ್ದಲು ಕೊಳೆಯಾಕಿಲ್ಲ. ಇದನ್ನ ನೆಟ್ಟಾಗ ಮಂಕರಿ ಹೊತ್ಕೊಂಡ್ ಬಂದಿದ್ದು ಯಾರು ಗೊತ್ತೇನ್ಲಾ ದೇವರಾಜು?" ಎಂದಳು ಬೈರಮ್ಮ. "ನಿಮ್ಮಪ್ಪ."