ಕೆಳಗಿಟ್ಟ ಸೂಜಿ

"ಇದು ಯಾರ ಕೈ?"

ಬನಶಂಕರಿ ಈ ಮಾತನ್ನು ಬಾಯಿಬಿಟ್ಟೇ ಅಂದಳು. ಗದಗ ಬಸ್ ನಿಲ್ದಾಣದ ಗಾಜಿನ ಕೋಣೆಯ ಮುಂದೆ ಹತ್ತು ಹನ್ನೆರಡು ಮಂದಿ ಸರದಿಯಲ್ಲಿ ನಿಂತಿದ್ದರು. ಅವರಲ್ಲಿ ಯಾರನ್ನೂ ಅವಳು ಕೇಳಿರಲಿಲ್ಲ.

ಗಾಜಿನ ಆಚೆ ಮುದುಕನೊಬ್ಬ ಧೋತರವನ್ನು ಮೊಣಕಾಲಿನ ಮೇಲಕ್ಕೆ ಸರಿಸಿ ಮಲಗಿದ್ದ. ಮೇಲಿನಿಂದ ಇಳಿದ ಉಕ್ಕಿನ ತೋಳಿಗೆ ಮೂರೇ ಬೆರಳು. ಆ ಬೆರಳುಗಳು ಅವನ ಮೊಣಕಾಲ ಚಿಪ್ಪಿನಿಂದ ನಾಲ್ಕಂಗುಲ ಕೆಳಗೆ ತಡವುತ್ತ ಬಂದು ಒಂದು ಕಡೆ ನಿಂತವು. ಚರ್ಮದ ಮೇಲೆ ಉಗುರಿನ ಅಂಚಿನಿಂದ ಎಂಬಂತೆ ಎರಡು ಸಲ ತಟ್ಟಿದವು. ಆಮೇಲೆ ಕೂದಲೆಳೆಯಷ್ಟು ಸಣ್ಣ ಸೂಜಿ ಒಳಗಿಳಿಯಿತು. ಎಡಕ್ಕೆ ತಿರುಗಿತು, ತುಸು ಬಲಕ್ಕೆ ಮರಳಿತು, ನಿಂತಿತು.

"ಜುಮುಜುಮು ಬಂತೇನ್ರೀ?" ಎಂದಿತು ಗೋಡೆಯಲ್ಲಿದ್ದ ದನಿ.

"ಬಂತು ಬಂತು! ಇರುವಿ ಸಾಲು ಹೊಂಟಂಗ ಪಾದದ ತನಕಾ ಹೊಂಟೈತಿ ನೋಡವಾ!"

"ಸೂಜಪ್ಪಗ ಅವ್ವಾ ಅಂತಾನಲ್ಲೋ ಮುದಕಾ!" ಎಂದು ಸರದಿಯಲ್ಲಿದ್ದ ಹೆಂಗಸೊಬ್ಬಳು ನಕ್ಕಳು. ಯಂತ್ರದ ಹೆಸರು ಕಾಗದದ ಮೇಲೆ 'ಹಸ್ತ'. ಜನ ಅದನ್ನು ಸೂಜಪ್ಪ ಎಂದೇ ಕರೆಯುತ್ತಿದ್ದರು. ಇಸವಿ ಎರಡು ಸಾವಿರದ ಅರವತ್ತೊಂದರ ಹೊತ್ತಿಗೆ ಅಂಥವು ಒಂಬತ್ತು ಜಿಲ್ಲೆಗಳಲ್ಲಿ ಮುನ್ನೂರು ಇದ್ದವು.

ಬನಶಂಕರಿ ನಗಲಿಲ್ಲ. ಆ ಎರಡು ತಟ್ಟು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಬೆಟಗೇರಿಯ ನೇಕಾರ ಓಣಿಯಲ್ಲಿ ಅವಳ ಅಪ್ಪ ಕುಣಿಮಗ್ಗಕ್ಕೆ ಇಳಿಯುವ ಮೊದಲು ಹಾಸಿನ ಎಳೆಗಳನ್ನು ಉಗುರಿನಿಂದ ಎರಡು ಸಲ ಮೀಟಿ, ಬಿಗಿ ಸರಿಯಿದೆಯೇ ಎಂದು ಕಿವಿಗೊಡುತ್ತಿದ್ದ. ಆ ಚಾಳಿ ಮಗಳ ಕೈಗೆ ಬಂದಿತ್ತು. ಮಗಳ ಕೈಯಿಂದ ಈಗ ಉಕ್ಕಿಗೆ ಬಂದಿದೆ. ಗಂಡನ ಮನೆಯಲ್ಲಿ ಮೈತುಂಬಿಕೊಂಡ ಮಗಳನ್ನು ದೂರದಿಂದ ಕಂಡ ತಾಯಿಯಂತೆ ಅವಳು ಒಂದು ಗಳಿಗೆ ನಿಂತು ನೋಡಿ, ಯಾರಿಗೂ ಪರಿಚಯ ಹೇಳಿಕೊಳ್ಳದೆ ಮನೆಗೆ ಬಂದಳು.

ಸೂಜಿ ಚುಚ್ಚಿ ನೋವು ಕಳೆಯುವ ಈ ವಿದ್ಯೆಗೆ ಅವಳು ಬಂದದ್ದು ತನ್ನದೇ ನೋವಿನಿಂದ. ಹತ್ತೊಂಬತ್ತರ ವಯಸ್ಸಿನಲ್ಲಿ, ಮಾರಲು ಒಯ್ದ ಸೀರೆಯ ಗಂಟುಗಳ ಜೊತೆ ಸೋದರಮಾವನೊಂದಿಗೆ ಕೋಲ್ಕತ್ತಕ್ಕೆ ಹೋದಾಗ ಅವಳ ಬಲಗೈ ಮೇಲೇಳುತ್ತಿರಲಿಲ್ಲ. ನಾಲ್ಕು ತಲೆಮಾರಿನಿಂದ ಆ ಊರಲ್ಲೇ ನೆಲೆಸಿದ್ದ ಚೀನೀ ಮನೆತನದ ಲಿಯಾಂಗ್ ಎಂಬ ಮುದುಕಿ ಅವಳ ಕಾಲಿಗೆ, ಹೌದು, ಕೈಗಲ್ಲ ಕಾಲಿಗೆ, ಎರಡು ಸೂಜಿ ಹಾಕಿ "ಈಗ ಕೈ ಎತ್ತು" ಅಂದಳು. ಕೈ ಎದ್ದಿತು. ಮಾವ ಒಬ್ಬನೇ ಊರಿಗೆ ಮರಳಿದ.

ಆರು ವರ್ಷ ಅವಳು ಆ ಮುದುಕಿಯ ಬಳಿ ಕಲಿತಳು. ಮೊದಲ ವರ್ಷ ಸೂಜಿಯನ್ನು ಮುಟ್ಟಿಸಲೇ ಇಲ್ಲ. ಬಂದವರ ಎರಡೂ ಮುಂಗೈ ಮೇಲೆ ಮೂರು ಬೆರಳಿಟ್ಟು ನಾಡಿ ಕೇಳುವುದಷ್ಟೇ ಕೆಲಸ. ಮೇಲೆ ತೇಲುವ ನಾಡಿ, ಆಳಕ್ಕಿಳಿದ ನಾಡಿ, ತಂತಿಯಂತೆ ಬಿಗಿದ ನಾಡಿ. ಬನಶಂಕರಿಗೆ ಅದು ಕಷ್ಟವೆನಿಸಲಿಲ್ಲ. ಓಣಿಯ ಗುಡಿಯಲ್ಲಿ ಶ್ರಾವಣದ ತಿಂಗಳಿಡೀ ಭಾರತ ವಾಚನ ಕೇಳಿ ಬೆಳೆದವಳು ಅವಳು. ಗಮಕಿ ಪದ್ಯವನ್ನು ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲೇ ಕಿವಿ ಇಡಬೇಕೆಂದು ಅಜ್ಜಿ ಹೇಳಿಕೊಟ್ಟಿದ್ದಳು. ಎರಡನೆಯ ವರ್ಷ ಅರಳೆಯ ಉಂಡೆಗೆ, ಮೂರನೆಯ ವರ್ಷ ತನ್ನದೇ ಕಾಲಿಗೆ ಚುಚ್ಚಿದಳು. ಮೊಣಕಾಲ ಕೆಳಗಿನ ಆ ತಾಣಕ್ಕೆ ಚೀನೀಯರು ಇಟ್ಟ ಹೆಸರನ್ನು ಅವಳು ತನಗಾಗಿ 'ಮೂರು ಹರದಾರಿ' ಎಂದು ಮಾಡಿಕೊಂಡಳು. ದಣಿದವನು ಅಲ್ಲಿ ಸೂಜಿ ಹಾಕಿಸಿಕೊಂಡರೆ ಇನ್ನೂ ಮೂರು ಹರದಾರಿ ನಡೆದಾನು ಎಂಬುದು ಅದರ ಭಾವ.

ಕೊನೆಯ ದಿನ ಮುದುಕಿ ಹೇಳಿದ್ದು ಒಂದೇ ಮಾತು. "ಬಂದ ಎಲ್ಲರಿಗೂ ಚುಚ್ಚುವವಳು ವೈದ್ಯೆಯಲ್ಲ, ದರ್ಜಿ. ನಾಡಿ ಬೇಡವೆಂದರೆ ಸೂಜಿ ಕೆಳಗಿಡು. ಅವರು ಬೈದರೂ ಕೆಳಗಿಡು."

ಅವಳು ಬೆಟಗೇರಿಗೆ ಮರಳಿ ಮೂವತ್ತು ವರ್ಷ ಸೂಜಿ ಹಾಕಿದ ಮೇಲೆ ಧಾರವಾಡದ ಒಂದು ಸಂಶೋಧನಾ ಕೇಂದ್ರದಿಂದ ಡಾ. ನಿಜಗುಣ ಅಬ್ಬಿಗೇರಿ ಅವಳನ್ನು ಹುಡುಕಿಕೊಂಡು ಬಂದ. ಸೂಜಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವನ ಪ್ರಶ್ನೆ. ಅರ್ಧ ಉತ್ತರ ಅವನಿಗೇ ಗೊತ್ತಿತ್ತು.

"ನೀವು ಸೂಜಿ ತಿರುವಿದಾಗ ಚರ್ಮದ ಕೆಳಗಿನ ಎಳಿ ಅದಕ್ಕ ಸುತ್ತಿಗೊಂತಾವ ಅಕ್ಕಾರ. ಕಂಡಿಕಿಗೆ ನೂಲು ಸುತ್ತಿದಂಗ. ಆ ಎಳೆತ ನರಕ್ಕ ತಿಳೀತೈತಿ. ನರ ಬೆನ್ನಹುರಿಗೆ, ಅದು ಮಿದುಳಿಗೆ ಸುದ್ದಿ ಮುಟ್ಟಸ್ತೈತಿ. ಆಗ ಮಿದುಳು ತನ್ನದ ಅಫೀಮಿನಂಥಾ ರಸ ಬಿಟ್ಟು ನೋವಿನ ಸುದ್ದೀನ ದಾರಿಯಾಗ ನಿಲ್ಲಸ್ತೈತಿ."

"ಸುದ್ದಿ ನಿಲ್ಲತೈತಿ. ನೋವು ಯಾಕ ಬಂತೋ ಆ ಕಾರಣ ಅಲ್ಲೇ ಇರತೈತಿ, ತಮ್ಮಾ. ಅದನ್ನ ಮರೀಬ್ಯಾಡ," ಎಂದಿದ್ದಳು ಅವಳು. ಅವನು ಬರೆದುಕೊಂಡಿದ್ದ.

ಅವನು ತಂದ ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳು. ಬೆರಳಿನ ಒತ್ತಡ, ಸೂಜಿಯ ಆಳ, ತಿರುವು, ನಾಡಿಯ ಪ್ರತಿ ಬಡಿತವನ್ನು ಅದು ದಾಖಲಿಸುತ್ತಿತ್ತು. ಸೂಜಿ ಹಾಕುವವರಿಲ್ಲದ ಊರುಗಳಿಗೆ ಅವಳ ಕೈ ಹೋಗಲಿದೆ ಎಂದಾಗ ಅವಳು ಸಂತೋಷದಿಂದ ಒಪ್ಪಿದಳು. ಎರಡು ವರ್ಷ ಕೈಗವಸು ತೊಟ್ಟೇ ಆರು ಸಾವಿರದ ನೂರಾ ಹನ್ನೆರಡು ಮಂದಿಯ ನಾಡಿ ಹಿಡಿದಳು. ನಿಜಗುಣ ವಾರಕ್ಕೆರಡು ಸಲ ಬಂದು ಅವಳ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಅಣ್ಣತಮ್ಮಂದಿರಿಲ್ಲದ ಅವಳ ಮನೆಗೆ ನಾಗರಪಂಚಮಿಗೆ ಅವನೇ ಬರುತ್ತಿದ್ದ. ಉಂಡಿಯ ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದ.

ಬಸ್ ನಿಲ್ದಾಣದಲ್ಲಿ ತನ್ನ ಕೈಯನ್ನು ಕಂಡು ಬಂದ ಎರಡು ವಾರಕ್ಕೆ, ಬೆಳಗಿನ ಎಂಟರ ಸುಮಾರಿಗೆ ಇಂಚರಾ ಬಂದಳು. ಹೆದ್ದಾರಿಯ ಬಸ್ಸುಗಳು ಚಾಲಕರಿಲ್ಲದೆ ಓಡುತ್ತಿದ್ದರೂ ಹಳ್ಳಿಯ ದಾರಿಗೆ ಇನ್ನೂ ಮನುಷ್ಯರೇ ಬೇಕಿತ್ತು. ಇಂಚರಾ ಮುಂಡರಗಿ ಬಸ್ಸಿನ ಚಾಲಕಿ, ಬನಶಂಕರಿಯ ಹಳೆಯ ರೋಗಿ.

"ಹೊಟ್ಟಿ ಭಾಳ ನೂಸಾಕತ್ತೈತಿ ಅಕ್ಕಾ. ಲಗೂನ ನಾಕು ಸೂಜಿ ಹಾಕ್ರಿ, ಹತ್ತಕ್ಕ ಗಾಡಿ ತಗೀಬೇಕು."

ಬನಶಂಕರಿ ನಾಡಿ ಹಿಡಿದಳು. ಹೊಟ್ಟೆಯ ಬಲಗಡೆ ಮೆಲ್ಲಗೆ ಒತ್ತಿ ಕೈ ಬಿಟ್ಟಳು. ಬಿಟ್ಟಾಗ ಇಂಚರಾ ಚೀರಿದಳು. ಬನಶಂಕರಿ ಸೂಜಿಯ ತಟ್ಟೆಯನ್ನು ದೂರ ಸರಿಸಿದಳು.

"ಇವತ್ತ ಸೂಜಿ ಇಲ್ಲವಾ."

"ಯಾಕ್ರಿ, ಮುಗದಾವೇನು?"

"ಅದಾವ. ನಿನಗ ಇಲ್ಲ. ಸೀದಾ ದವಾಖಾನಿಗೆ ಹೋಗು, ಹೊಟ್ಟಿ ತೋರಿಸು. ಗಾಡಿ ಬ್ಯಾರೇದವರು ತಗೀತಾರ."

"ದವಾಖಾನಿಗೆ ಹೋಗಾಕಿ ಆಗಿದ್ರ ನಿಮ್ಮ ಕಡೆ ಯಾಕ ಬರತಿದ್ನಿ? ವಯಸ್ಸಾತು ನಿಮಗ, ಕೈ ನಡಗತೈತಿ ಅಂತ ಹೇಳ್ರಿ, ಸಾಕು." ಇಂಚರಾ ಗೊಣಗುತ್ತ ಎದ್ದು ಹೋದಳು.

ದವಾಖಾನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಗೆ ಹೋದಳು. ಹಸ್ತ ಎಂಟು ಸೂಜಿ ಹಾಕಿತು. ಇಪ್ಪತ್ತು ನಿಮಿಷದಲ್ಲಿ ನೋವು ಹೋಯಿತು, ಗಾಡಿ ಹೊರಟಿತು. ಮರುದಿನ ಮತ್ತೆ ನೋವು, ಮತ್ತೆ ಸೂಜಿ. ಮೂರನೆಯ ದಿನ ಡಂಬಳದ ಹತ್ತಿರ ಅವಳು ಬಸ್ಸನ್ನು ದಾರಿಯ ಬದಿಗೆ ನಿಲ್ಲಿಸಿ ಸ್ಟೀರಿಂಗ್ ಚಕ್ರದ ಮೇಲೆ ತಲೆಯಿಟ್ಟಳು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಹತ್ತೊಂಬತ್ತು ದಿನ ಜೀವ ಉಳಿಯುವುದೋ ಇಲ್ಲವೋ ಎಂಬಂತಿದ್ದು ಉಳಿದಳು.

ಬನಶಂಕರಿ ನೋಡಲು ಹೋದಾಗ ಹಾಸಿಗೆಯ ಮೇಲೆ ಕಣ್ಣು ಮಾತ್ರ ಉಳಿದಂತೆ ಕಂಡಿತು. ಬೈಯಬೇಕೆಂದು ಹೋದವಳಿಗೆ ಬೈಗುಳ ಬರಲಿಲ್ಲ.

"ಬ್ಯಾಡ ಅಂದಿದ್ನಲ್ಲವಾ ನಾ."

"ಅಂದಿದ್ರಿ." ಇಂಚರಾ ಮೆಲ್ಲಗೆ ಮುಖ ತಿರುಗಿಸಿದಳು. "ಆ ಯಂತ್ರದ ಮ್ಯಾಲೆ ಈಗ ನಿಮ್ಮ ಫೋಟೋ ಹಚ್ಚ್ಯಾರಲ್ರಿ ಅಕ್ಕಾ. ಬನಶಂಕರಿಯವರ ಕೈ ಅಂತ ಬರದಾರ. ನಿಮ್ಮ ಒಂದು ಕೈ ಬ್ಯಾಡ ಅಂತು, ಇನ್ನೊಂದು ಕೈ ಹೂಂ ಅಂತು. ನಾ ಯಾವ ಕೈ ನಂಬಬೇಕಿತ್ತು?"

ಆ ಪ್ರಶ್ನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಬನಶಂಕರಿ ಮರುದಿನ ಧಾರವಾಡಕ್ಕೆ ಹೋದಳು. ನಿಜಗುಣ ಎದ್ದು ನಿಂತು ಕುರ್ಚಿ ಎಳೆದ. ಅವನ ಮುಖ ಬಾಡಿತ್ತು. ಸುದ್ದಿ ಅವನಿಗೂ ಮುಟ್ಟಿತ್ತು.

"ನಾನೂರಾ ಮೂವತ್ತೆಂಟು ಸಲ ನಾ ಸೂಜಿ ಕೆಳಗಿಟ್ಟೀನಿ. ಕೈಗವಸು ತೊಟಗೊಂಡ ಇಟ್ಟೀನಿ. ಅವು ಎಲ್ಲಿ ಅದಾವ?" ಎಂದಳು ಕೂರದೆಯೇ.

"ಅವು ಖಾಲಿ ದಾಖಲೆ ಅಂತ ತಗದೀವಿ ಅಕ್ಕಾರ. ಸೂಜಿ ಚರ್ಮಕ್ಕ ಮುಟ್ಟಿದ ಮ್ಯಾಲೆ ಮಾತ್ರ ನಮ್ಮ ಲೆಕ್ಕದಾಗ ಚಿಕಿತ್ಸೆ ಚಾಲೂ ಆಗತೈತಿ."

ಅವಳಿಗೆ ಈಗ ತನ್ನ ತಪ್ಪು ತಿಳಿಯಿತು. ಅವಳು ಕಲಿತದ್ದರಲ್ಲಿ ಮುಂಗೈಗೆ ಬೆರಳು ತಾಗಿದಾಗಲೇ ಚಿಕಿತ್ಸೆ ಶುರು. ಇಡೀ ಲೋಕ ಹಾಗೆಯೇ ಎಣಿಸುತ್ತದೆಂದು ಅವಳು ನಂಬಿದ್ದಳು. ಕೇಳಿರಲೇ ಇಲ್ಲ. ಅವಳ ಅರ್ಧ ವಿದ್ಯೆಯನ್ನು ಇವರು ಖಾಲಿ ಎಂದು ಬರೆದಿದ್ದರು.

"ನಾಡಿ ಕೇಳಿಸಿತ್ತಿಲ್ಲೋ ಆ ಕೈಗವಸಿಗೆ?"

"ಕೇಳಿಸಿತ್ತು."

"ತಿಳೀಲಾರದ ತಗದ್ಯೋ, ತಿಳದ ತಗದ್ಯೋ?"

ನಿಜಗುಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ.

"ತಿಳದ," ಎಂದ ಕೊನೆಗೆ. "ನೂರಕ್ಕ ಏಳು ಮಂದೀನ ಹೊಳ್ಳಿ ಕಳಸೋ ಯಂತ್ರ ಯಾರಿಗೆ ಬೇಕ್ರಿ ಅಂದ್ರು ಯಂತ್ರ ಮಾರೋ ಕಂಪನಿಯವರು. ನಾ ಒಂದ ವಾರ ವಾದ ಮಾಡಿದ್ನಿ. ಆಮ್ಯಾಲೆ ಅಳಸ್ರಿ ಅಂತ ನಾನ ಸಹಿ ಮಾಡಿದ್ನಿ."

"ಯಾವಾಗ?"

"ಹ್ವಾದ ವರ್ಷ ಆಷಾಢದಾಗ."

"ಶ್ರಾವಣದಾಗ ಪಂಚಮಿಗೆ ಬಂದಿದ್ಯಲ್ಲೋ. ಉಂಡಿ ತಿಂದ್ಯಲ್ಲೋ."

ಕಳ್ಳತನವಾಗಿದ್ದರೆ ಅವಳು ಸಹಿಸುತ್ತಿದ್ದಳೇನೋ. ಆದರೆ ಅವನು ಅವಳಿಂದ ಕಲಿತದ್ದರಲ್ಲಿ ಯಾವುದು ಜೀವ ಉಳಿಸುತ್ತದೆಂದು ಚೆನ್ನಾಗಿ ಅರಿತು, ಅದನ್ನೇ ಆರಿಸಿ ಹೊರಗೆ ಹಾಕಿ, ಆಮೇಲೆ ಅವಳ ಕೈಯಡುಗೆ ಉಂಡು ಹೋಗಿದ್ದ.

ನಿಜಗುಣ ಕಪಾಟಿನಿಂದ ಹೊಸ ಕೈಗವಸಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ.

"ಆರು ತಿಂಗಳು ಸಾಕು. ಬ್ಯಾಡ ಅನ್ನೂದನ್ನೂ ಯಂತ್ರ ನಿಮ್ಮಿಂದನ ಕಲೀತೈತಿ. ಇಂಚರಾನಂಥಾವರು ಉಳೀತಾರ ಅಕ್ಕಾರ."

ಅದು ಸುಳ್ಳಾಗಿರಲಿಲ್ಲ. ಮುನ್ನೂರು ಕೋಣೆಗಳಲ್ಲಿ ದಿನಕ್ಕೆ ಎಷ್ಟು ಹೊಟ್ಟೆ, ಎಷ್ಟು ಎದೆನೋವು. ಬನಶಂಕರಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕೈಗವಸನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಯಂತ್ರ ಬ್ಯಾಡ ಅಂದ ಮ್ಯಾಲೂ, ನನಗ ಬೇಕ ಅಂದ್ರ ಬಂದಾಕಿ?"

"ಪರದೆ ಮ್ಯಾಲೆ ಎಚ್ಚರಿಕೆ ಬರತೈತಿ. ಅದರ ಕೆಳಗ 'ಓದಿದ್ದೇನೆ, ಒಪ್ಪಿದ್ದೇನೆ' ಅಂತ ಗುಂಡಿ ಇರತೈತಿ."

"ಒತ್ತಿದ್ರ?"

"ಒತ್ತಿದ್ರ... ಚುಚ್ಚತೈತಿ. ಅದು ಕಂಪನಿ ಷರತ್ತು."

ಆ ಗುಂಡಿಯನ್ನು ಬನಶಂಕರಿ ಬಲ್ಲಳು. ಅವಳು ಇಪ್ಪತ್ತರ ಹುಡುಗಿಯಾಗಿದ್ದಾಗ ಎಲ್ಲರ ಫೋನಿನಲ್ಲೂ ಅದೇ ಇತ್ತು. ಅವಳ ಅಪ್ಪ ಒತ್ತಿದ್ದ, ಮಾವ ಒತ್ತಿದ್ದ, ದಿನಕ್ಕೆ ಹತ್ತು ಸಲ ಅವಳೂ ಒತ್ತಿದ್ದಳು, ಒಂದು ಸಲವೂ ಓದಿರಲಿಲ್ಲ. ಆಗ ಅದು ಹೆಸರು, ಫೋಟೋ, ಓಡಾಡಿದ ದಾರಿಗಳನ್ನಷ್ಟೇ ಕೇಳುತ್ತಿತ್ತು. ಅಷ್ಟೇ ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬೆರಳಿಗೆ ಅಭ್ಯಾಸವಾದದ್ದು ಆಗಲೇ.

"ಬಾಗಿಲದಾಗ ಒಬ್ಬ ಮನುಷ್ಯಾನ್ನ ಕುಂದರಸ್ರಿ, ನಾಡಿ ನೋಡಾಕ. ನಾ ಕಲಸತೀನಿ."

"ಮನುಷ್ಯಾನ್ನ ಕುಂದರಸೂದಾದ್ರ ಯಂತ್ರ ಯಾಕ್ರಿ ಅಕ್ಕಾರ?"

"ಹಂಗಾದ್ರ ಗದಗಿನ ಬಾಗಿಲದಾಗ ನಾನ ಕುಂದರತೀನಿ."

"ಉಳದ ಇನ್ನೂರಾ ತೊಂಬತ್ತೊಂಬತ್ತು?"

ಬನಶಂಕರಿ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಬಿಸಿಲು ಏರುತ್ತಿತ್ತು. ನಿಜಗುಣ ಮೇಜು ಬಳಸಿ ಬಂದು ಅವಳೆದುರು ನಿಂತ.

"ನನ್ನ ಸಲುವಾಗಿ ಬ್ಯಾಡ. ನನ್ನ ಮಾರಿ ನೋಡಬ್ಯಾಡ್ರಿ ಬೇಕಾದ್ರ. ಆ ಮಂದಿ ಸಲುವಾಗಿ, ಒಮ್ಮೆ ಇದನ್ನ ತೊಟ್ಟಗೋರಿ ಅಕ್ಕಾರ."

ಅವಳು ಕೈಗವಸನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು.

"ಒಲ್ಲೆ," ಎಂದಳು. "ಆ ಗುಂಡಿ ಇರೂ ತನಕಾ ತೊಡೂದಿಲ್ಲ."