ಗೀರು ಬಿದ್ದ ಜಾಗದ ಹಾಡು

"ನಿಲ್ಲಿಸ್ರೀ ಅದನ್ನ!"

ಮದುವೆ ಚಪ್ಪರದೊಳಗೆ ಓಡಿ ಬಂದ ಗಂಗರತ್ನಳ ಕೈಗೆ ಹಿಪ್ಪುನೇರಳೆ ಸೊಪ್ಪಿನ ಹಸಿರು ಇನ್ನೂ ಅಂಟಿತ್ತು. ಮೈಕ್ ಸೆಟ್ಟಿನವನು ತಲೆ ಎತ್ತುವಷ್ಟರಲ್ಲಿ, ತಿರುಗುತ್ತಿದ್ದ ರೆಕಾರ್ಡಿನ ಮೇಲಿನ ಮುಳ್ಳನ್ನು ಅವಳು ಹಿಡಿದು ಎಳೆದೇಬಿಟ್ಟಳು.

ಕರ್‌ರ್...!

ಮರದ ಮೇಲಿನ ಹಾರ್ನಿನಿಂದ ಆ ಸದ್ದು ಇಡೀ ಊರಿಗೆ ಕೇಳಿಸಿತು.

"ಪಕ್ಕದಲ್ಲೇ ನಮ್ಮನೇಲಿ ರೇಷ್ಮೆ ಹುಳ ಹಣ್ಣಾಗಿದೆ, ಇವತ್ತೇ ಗೂಡು ಕಟ್ಟೋಕೆ ಬಿಡ್ಬೇಕು. ಹುಳ ಇರೋ ಕಡೆ ನಾವು ಜೋರಾಗಿ ಮಾತೂ ಆಡಲ್ಲ. ಬೆದರಿ ಗೂಡೇ ಕಟ್ಟದಿದ್ರೆ ಏನ್ರೀ ಗತಿ?"

ಬೈಯುತ್ತಾನೆ ಎಂದುಕೊಂಡಳು. ಆದರೆ ಅವನು ರೆಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದ. ಕಪ್ಪು ತಟ್ಟೆಯ ಮೇಲೆ ಬಿಳಿಯ ಗೀರು! ಅವನ ಕಣ್ಣು ತುಂಬಿ ಬಂತು.

"ತಪ್ಪಾಯ್ತು ರೀ. ಹುಳ ಇರೋದು ಗೊತ್ತಿರ್ಲಿಲ್ಲ," ಎಂದಷ್ಟೇ ಹೇಳಿ ಹಾರ್ನ್ ಇಳಿಸಲು ಮರ ಹತ್ತಿದ.

ಮದುಮಗಳ ಅಜ್ಜಿ ದೊಡ್ಡಮುನಿಯಮ್ಮ ಬಂದು ಗಂಗರತ್ನಳ ಕೈ ಹಿಡಿದರು.

"ಅಯ್ಯೋ ತಲ್ಲೀ, ಏನ್ ಮಾಡ್ದೆ! ಇವನು ಮುಳಬಾಗಿಲಿನ ಆವಲಪ್ಪ. ಅಮೆರಿಕದಲ್ಲಿ ಅದೇನೋ ರಾಕ್ ಅಂಡ್ ರೋಲ್ ಹಾಡೋ ದೊರೆ ಇದ್ನಂತೆ, ಹೋದ ವರ್ಷ ತೀರ್ಕೊಂಡ. ಗಣಪತಿ ಹಾಡಾದ್ಮೇಲೆ ಆ ದೊರೇದು ಒಂದು ಹಾಕ್ದೆ ಇವನು ಯಾವ ಮದುವೆನೂ ಶುರು ಮಾಡಲ್ಲ. ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮೇಸ್ತ್ರಿ ಊರು ಬಿಡೋವಾಗ ಕೊಟ್ಟ ರೆಕಾರ್ಡಂತೆ ಅದು. ಇನ್ನೆಲ್ಲಿ ಸಿಗುತ್ತೆ?"

ಅದು ಎಪ್ಪತ್ತೆಂಟರ ಬೇಸಿಗೆ. ಆ ಸಲ ಗೂಡು ಚೆನ್ನಾಗಿಯೇ ಆಯಿತು. ಗಂಗರತ್ನಳಿಗೆ ಮಾತ್ರ ನೆಮ್ಮದಿಯಿಲ್ಲ. ಸೊಪ್ಪು ಹೆಚ್ಚುವಾಗಲೆಲ್ಲ ಆ ತುಂಬಿದ ಕಣ್ಣುಗಳೇ ಎದುರಿಗೆ.

'ಒಂದು ಮಾತಾದರೂ ಬೈದಿದ್ದರೆ... ಇಷ್ಟು ನೋಯುತ್ತಿರಲಿಲ್ಲ.'

ಒಂದು ದಿನ ತಾಯಲೂರಿನ ಮದುವೆಯಿಂದ ಬಂದ ಅತ್ತಿಗೆ ಮುನಿಯಲ್ಲಮ್ಮ ಬಾಗಿಲಲ್ಲೇ ನಕ್ಕಳು.

"ಲೇ ಗಂಗಾ, ನಿನ್ನ ಹೆಸರು ಊರೂರಿಗೂ ಗೊತ್ತು ಕಣೇ! ಆ ಮೈಕ್ ಸೆಟ್ಟಿನವನು ಈಗ್ಲೂ ಅದೇ ರೆಕಾರ್ಡ್ ಹಾಕ್ತಾನೆ. ಗೀರು ಬಂತೋ, 'ಗಂಗರತ್ನನ ಗೀರು ಬಂತು!' ಅಂತ ಹುಡುಗ್ರೆಲ್ಲ ಒಟ್ಟಿಗೆ ಕೂಗ್ತಾರೆ!"

ಅವಳ ಮುಖ ಕಾದ ಹೆಂಚಾಯಿತು. ಛೇ! ಇಷ್ಟು ದಿನ ನಾನು ಮರುಗಿದ್ದು ಇಂಥವನಿಗಾ?

ಆಗಸ್ಟಿನಲ್ಲಿ ಅಪ್ಪ ವೆಂಕಟರಾಯಪ್ಪನ ಜೊತೆ ಮುಳಬಾಗಿಲಿಗೆ ಹೋದಾಗ, ಅಪ್ಪನನ್ನು ಗೊಬ್ಬರದ ಅಂಗಡಿಯಲ್ಲಿ ಬಿಟ್ಟು ನೇರವಾಗಿ ಆವಲಪ್ಪನ ಮೈಕ್ ಸೆಟ್ ಅಂಗಡಿಗೆ ನಡೆದಳು. ನಾಲ್ಕು ಜನರ ಮುಂದೆಯೇ ಕೇಳಿಬಿಡಬೇಕು!

ಅಂಗಡಿಯ ಮುಂದೆ ಆಗಲೇ ಜನ. ಬಸ್ ಕಂಡಕ್ಟರು, ಟೈಲರು, ಕಾಲೇಜು ಹುಡುಗರು, ಗಣಿಯಿಂದ ಬಂದ ಇಬ್ಬರು ಮುದುಕರು. ದೊರೆಯ ಪಟಕ್ಕೆ ಕನಕಾಂಬರದ ಹಾರ. ಅಂದು ಅವನು ಸತ್ತು ಒಂದು ವರ್ಷ.

ಹಾಡು ನಡೆದಿತ್ತು. ಗೀರಿನ ಜಾಗ ಬಂತು. ಆವಲಪ್ಪ ಮುಳ್ಳನ್ನು ಮೆಲ್ಲಗೆ ಎತ್ತಿ ಹಿಡಿದ.

ಯಾರೂ ನಗಲಿಲ್ಲ.

ಎಲ್ಲರೂ ಕಣ್ಣು ಮುಚ್ಚಿ ಆ ಒಂದು ಸಾಲನ್ನು ತಾವೇ ಹಾಡಿದರು. ಟೈಲರಿಗೆ ಇಂಗ್ಲಿಷೇ ಬಾರದು, ಅವನದೇ ಎಲ್ಲರಿಗಿಂತ ದೊಡ್ಡ ಗಂಟಲು! ಸಾಲು ಮುಗಿಯಿತು. ಆವಲಪ್ಪ ಮುಳ್ಳನ್ನು ಗೀರಿನಾಚೆ ಇಳಿಸಿದ. ಇವರಿಗಾಗಿಯೇ ಕಾದಿದ್ದವನಂತೆ ದೊರೆ ಮುಂದಿನ ಸಾಲು ಎತ್ತಿಕೊಂಡ.

ಗಂಗರತ್ನಳ ಮೈ ಜುಮ್ಮೆಂದಿತು.

ಹಾಡು ಮುಗಿದ ಮೇಲೆ ಆವಲಪ್ಪ ಅವಳನ್ನು ಕಂಡು ಎದ್ದೇ ನಿಂತ.

"ನನ್ನ ಹೆಸರು... ಯಾಕ್ರೀ ಇಟ್ರಿ ಅದಕ್ಕೆ?" ಜಗಳದ ದನಿ ಅರ್ಧಕ್ಕೇ ಸೋತಿತ್ತು.

"ದೊರೆ ಹೋದ್ಮೇಲೆ ನಾವೆಲ್ಲ ತಲೆ ಬಗ್ಗಿಸಿ ಕೇಳ್ತಿದ್ವಿ ಅಷ್ಟೇ ರೀ. ಹಾಡೋಕೆ ಯಾರಿಗೂ ಮನಸ್ಸೇ ಬರ್ತಿರ್ಲಿಲ್ಲ. ಗೀರು ಬಿದ್ಮೇಲೆ ಆ ಸಾಲು ಬಿಡೋಕಾಗುತ್ತಾ? ನಾವೇ ಹಾಡಿದ್ವಿ... ಅವನ ಹಾಡಲ್ಲಿ ನಮಗೂ ಒಂಚೂರು ಜಾಗ ಮಾಡಿಕೊಟ್ಟೋರು ನೀವು. ಋಣ ಅಲ್ವಾ, ಅದಕ್ಕೇ ನಿಮ್ಮ ಹೆಸರು."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ..."

"ಬಂದಿದ್ದೆ! ಯಾವಾಗ ಬಂದ್ರೂ ನಿಮ್ಮಪ್ಪ ಬಾಗ್ಲಲ್ಲೇ, 'ಹುಳ ಐತೆ, ಹೊರಗಿನೋರು ಬರಬಾರ್ದು' ಅನ್ನೋರು. ತಿರುಗಿ ಬಸ್ ಹತ್ತುತಿದ್ದೆ."

ಅಷ್ಟು ಸಲ ಬಂದಿದ್ದನಾ! ನಗು, ಅಳು ಎರಡೂ ಒಟ್ಟಿಗೇ ಬಂದವು ಅವಳಿಗೆ.

"ಮುಂದಿನ ಗೂಡು ಬಿಡಿಸಿದ ದಿನ ಬನ್ನಿ. ಆಗ ಹುಳ ಇರಲ್ಲ. ಅಪ್ಪನ ಹತ್ರ ಮಾತಾಡಿ."

"ಏನಂತ ಮಾತಾಡ್ಲಿ?"

"ರೇಷ್ಮೆ ರೇಟು ಕೇಳಿ!" ಎಂದು ಮುಖ ತಿರುಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದುದು ಅವನಿಗೆ ಕಂಡೇ ಕಂಡಿತು.

"ಗಂಗರತ್ನ ಅವರೇ... ನಮ್ಮ ಮದುವೇಲೂ ದೊರೆ ಹಾಡು ಹಾಕ್ಬಹುದಾ?"

"ಗಣಪತಿ ಹಾಡಾದ್ಮೇಲೆ."

"ಮತ್ತೆ ಆ ಗೀರಿನ ಜಾಗ ಬಂದಾಗ?"

ಅವಳು ತಿರುಗಿ ನೋಡಿದಳು.

"ಮುಳ್ಳು ನಾನೇ ಎತ್ತುತೀನಿ. ಈ ಸಲ... ಮೆಲ್ಲಗೆ."