ಮಗಳ ಮಂಚ

ನಾನು ಬಟ್ಟೆ ಹೊಲಿದು ಬದುಕುವವಳು. ಕಣ್ಣಾರೆ ಕಾಣದ್ದನ್ನು ನಂಬುವವಳಲ್ಲ. ವಿಶ್ವವಿದ್ಯಾಲಯದವರು ಹೊರದೇಶದ ವಿದ್ಯಾರ್ಥಿನಿಯೊಬ್ಬಳನ್ನು ಇಲ್ಲಿಗೆ ಕರೆಸಿಕೊಂಡು, ಅದಲುಬದಲಾಗಿ ನನ್ನ ಮಗಳನ್ನು ಒಂದು ವರ್ಷದ ಓದಿಗೆ ಅಲ್ಲಿಗೆ ಕಳಿಸಿದರು. ಅಂದಿನಿಂದ ದಿನಾ ಮಧ್ಯಾಹ್ನ ಮನೆಯಲ್ಲಿ ಮಗಳ ಮಂಚದ ಮೇಲೆ ಅರ್ಧ ಗಂಟೆ ಅಡ್ಡಾಗುತ್ತಿದ್ದೆ. ಸುಡುಬಿಸಿಲಿನಲ್ಲೂ ಏಳುವಾಗ ಪಾದಗಳು ಚಳಿಯಿಂದ ಕೊರೆಯುತ್ತಿದ್ದವು.

ಒಂದು ದಿನ ಅವಳು ಫೋನ್ ಮಾಡಿದಳು. “ಅಮ್ಮಾ, ಬೀಗ ತೆಗೆದು ರೂಮಿಗೆ ಬಂದ್ರೆ ದಿನಾ ನನ್ನ ಹಾಸಿಗೆ ಬೆಚ್ಚಗಿರುತ್ತೆ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ನಾನು ವಾಪಸ್ ಬಂದ್ಬಿಡ್ತೀನಿ.”

‘ಬಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಹುಚ್ಚಿ, ಓದು ಮುಗಿಸೇ ಬಾ,” ಎಂದೆ. ಆಮೇಲೆ ಆ ಮಂಚದ ಕಡೆ ಸುಳಿಯಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೇ ಮಲಗಿದೆ.

ವಾರದ ನಂತರ ಅವಳೆಂದಳು: “ಈಗ ಹಾಸಿಗೆ ತಣ್ಣಗಿರುತ್ತಮ್ಮ. ಯಾಕೋ ಅಳು ಬರುತ್ತೆ.”

ವರ್ಷ ತುಂಬಿ ಮನೆಗೆ ಬಂದಳು. ಅಲ್ಲಿನ ಹಾಸಿಗೆಯಿಂದ ತಂದ ಕಂಬಳಿಯ ಹರಿದ ಅಂಚನ್ನು ಯಾರೋ ಒತ್ತಾಗಿ ಹೊಲಿದಿದ್ದರು. “ನೀನೇ ಹೊಲಿದೆಯಾ?” ಎಂದು ಕೇಳಿದೆ.

“ನಾನಲ್ಲಮ್ಮ, ನಂಗೆಲ್ಲಿ ಸೂಜಿ ಹಿಡಿಯೋಕೆ ಬರುತ್ತೆ?” ಎಂದಳು.

ತಿರುಗಿಸಿ ನೋಡಿದೆ. ಕೊನೆಯಲ್ಲಿ ಮೂರು ಗಂಟು, ಹಲ್ಲಿನಿಂದ ಕಡಿದ ದಾರ. ನಾನು ಹೊಲಿಗೆ ಮುಗಿಸುವುದು ಹಾಗೆಯೇ.